ಹಳಿ ಪಕ್ಕದ ಗೋದಾಮಿನಲ್ಲಿ ತಾಳಮದ್ದಳೆ

1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಕುಂಬಳೆ ಕಡೆಯ ನಮ್ಮ ಕುಟುಂಬದ ಗೋದಾಮು ಎದ್ದದ್ದು ಆಮೇಲೆ. ಅಡಿಕೆ, ಕೊಬ್ಬರಿ ಮೂಟೆಗಳನ್ನು ಇಲ್ಲಿಟ್ಟು ಗೂಡ್ಸ್ ಗಾಡಿಗೆ ಹಾಕುತ್ತಿದ್ದರಂತೆ. ಲಾರಿ ಬಂದ ಮೇಲೆ ಬೀಗ ಬಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲಿ ಕೂತು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಹಾಡು, ಮಾತಲ್ಲೇ ನಡೆಯುವ ಯಕ್ಷಗಾನ) ಕೇಳೋಕೆ, ನಡುನಡುವೆ ವೀಣೆ, ಕೊಳಲು ಕೇಳೋಕೆ ಒಂದು ಜಾಗ ಬೇಕಲ್ವಾ ಅಂತ ಬೀಗ ತೆಗೆಸಿದೆವು.

ಎಲ್ಲರೂ ಮೊದಲು ಕೇಳೋದು ರೈಲಿನ ಸದ್ದಿನ ಬಗ್ಗೆ. ನಿಜಕ್ಕೂ ಜಾಸ್ತಿ ಕಾಡಿದ್ದು ಗೋಡೆ. ಉದ್ದದ ಎರಡು ಗೋಡೆಗಳು ಎದುರುಬದುರು, ಎರಡಕ್ಕೂ ನುಣ್ಣಗೆ ಸಿಮೆಂಟ್ ಗಾರೆ. ಒಂದು ಚಪ್ಪಾಳೆ ತಟ್ಟಿದರೆ ಸದ್ದು ಅತ್ತಿತ್ತ ಓಡಾಡಿ ಟರ್ರೆನ್ನುತ್ತಿತ್ತು. ಹಾಡಿಗೆ ಸ್ವಲ್ಪ ಅನುರಣನ, ಅಂದರೆ ನಿಧಾನ ಆರುವ ಸದ್ದು, ಇದ್ದರೆ ಚೆಂದವೇ. ಆದರೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಒಂದು ಮಾತು ಆರುವ ಮುಂಚೆ ಇನ್ನೊಂದು ಬಂದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ಮಾತಿಗೆ ಹೊಂದುವಂತೆ ಜಾಗ ಸರಿಮಾಡೋಣ, ಹಾಡು ಅದರೊಳಗೇ ನಡೆಯಲಿ ಅಂತ ತೀರ್ಮಾನ ಮಾಡಿದೆವು.

ಒಂದು ಗೋಡೆಯ ಗಾರೆ ಕೆರೆಸಿ ಒಳಗಿನ ಮುರಕಲ್ಲನ್ನು ಹಾಗೇ ಬಿಟ್ಟೆವು. ಅದರ ಒರಟು ಮೈಗೆ ಬಿದ್ದ ಸದ್ದು ಚದುರುತ್ತದೆ. ಎದುರಿನ ಗೋಡೆಗೆ ಪರದೆ ಸಾಕು ಅಂದವರಿದ್ದರು. ತೆಳು ಬಟ್ಟೆ ಜಾಗಟೆಯ ಕಿಣಿಕಿಣಿಯನ್ನಷ್ಟೇ ನುಂಗುತ್ತದೆ, ಮದ್ದಳೆಯ ಗುಮ್ಮನ್ನು ಅಲ್ಲ. 340 ಹರ್ಟ್ಸ್ ಸ್ವರದ ಅಲೆಯೇ ಸುಮಾರು 1 ಮೀಟರ್ ಉದ್ದ, ಅದಕ್ಕಿಂತ ತಗ್ಗಿನ ಗುಮ್ಮಿನದು ಇನ್ನೂ ಉದ್ದ. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗುವುದೇ ಇಲ್ಲ, ಅಲ್ಲಿ ಬಟ್ಟೆ ಹಾಕಿ ಏನು ಹಿಡಿಯೋದು? ಅದಕ್ಕೇ ಗೋಣಿಚೀಲಗಳಿಗೆ ತೆಂಗಿನ ನಾರು ದಪ್ಪಗೆ ತುಂಬಿ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿದೆವು. ನಾರಿಗೆ ಬೆಂಕಿ ಬೇಗ ಹತ್ತುತ್ತದೆ. ಕಾಲುದೀಪ ರಂಗದ ಮುಂದೆ ಮಾತ್ರ, ವಯರೆಲ್ಲ ಪೈಪಿನೊಳಗೆ.

ಮಾಡಿಗೆ ಶೀಟು ಹಾಕಿಸಿ ಅಂತ ಬಡಗಿ ಹಟ ಹಿಡಿದ. ನಮ್ಮೂರ ಮಳೆಗೆ ಶೀಟಿನಡಿ ಪಕ್ಕದವರ ಮಾತೂ ಕೇಳೋದಿಲ್ಲ. ಗೆದ್ದಲು ತಿಂದ ಪಕ್ಕಾಸು ಬದಲಿಸಿ ಹಂಚನ್ನೇ ಉಳಿಸಿಕೊಂಡೆವು.

ಇನ್ನು ರೈಲು. ಹಳಿ ಕಡೆಯ ಕಿಟಕಿಗಳನ್ನು ಕಲ್ಲಿಟ್ಟು ಮುಚ್ಚಿದರೂ ಹಾರ್ನ್ ಒಳಗೆ ಬರುತ್ತದೆ. ಹತ್ತಿರದಲ್ಲೇ ಗೇಟು. ಅದಕ್ಕೆ ಮುಂಚೆ ‘ಡಬ್ಲ್ಯು ಎಲ್’ (ಗೇಟು ಬಂತು, ಸೀಟಿ ಹಾಕು) ಅಂತ ಹಳದಿ ಬೋರ್ಡು ಇದೆ, ಅಲ್ಲಿ ಡ್ರೈವರ್ ಹಾರ್ನ್ ಹಾಕಲೇಬೇಕು. ಹೀಗಾಗಿ ಒಬ್ಬ ಹುಡುಗ ಬಾಗಿಲಲ್ಲಿ ಫೋನ್ ಹಿಡಿದು ಗಾಡಿ ಎಲ್ಲಿದೆ ಅಂತ ನೋಡುತ್ತಿರುತ್ತಾನೆ, ಕೈಯೆತ್ತಿದರೆ ಹಾಡುವ ಭಾಗವತರು ಪದ ಶುರು ಮಾಡೋದಿಲ್ಲ. ವೀಣೆಯವರಿಗೆ ಗಾಡಿ ಕಡಿಮೆ ಇರುವ ಹೊತ್ತನ್ನೇ ಕೊಡುತ್ತೇವೆ. ಅರ್ಥಧಾರಿಗಳಿಗೆ ಇದ್ಯಾವುದೂ ಬೇಡ. ಸಂಧಾನದ ಮಾತು ನಡೆಯುವಾಗ ಹಾರ್ನ್ ಕೇಳಿ ಕೃಷ್ಣ, ‘ಸುಯೋಧನಾ, ನಿನ್ನವರು ಆಗಲೇ ಶಂಖ ಊದಿದರಲ್ಲ!’ ಅಂದುಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು.

ಗೋದಾಮನ್ನು ಜನ ಸೇರುವ ಕಟ್ಟಡ ಅಂತ ಬದಲಿಸೋಕೆ ಪಂಚಾಯತಿನ ಒಪ್ಪಿಗೆ ಬೇಕು. ಆ ಓಡಾಟದ ಕತೆ ಬೇಡ ಬಿಡಿ. ಹೊರಕ್ಕೆ ತೆರೆಯುವ ಇನ್ನೊಂದು ಬಾಗಿಲನ್ನು ಮಾತ್ರ ಯಾರೂ ಹೇಳುವ ಮುಂಚೆಯೇ ಇಡಿಸಿ. ರಾತ್ರಿ 10ಕ್ಕೆ ಮೈಕ್ ಬಂದ್. ಬೆಳಗಿನವರೆಗೆ ಕೂತು ರೂಢಿಯಾದ ಹಿರಿಯರು ಇನ್ನೂ ಗೊಣಗುತ್ತಾರೆ. ಚೆಂಡೆಗೆ ಮೈಕೇ ಇಟ್ಟಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಕಾರ್ಯಕ್ರಮ ಇಲ್ಲ. ಆಗ ತೆಂಗಿನಕಾಯಿ ವ್ಯಾಪಾರಿಯೊಬ್ಬರಿಗೆ ಬಾಡಿಗೆಗೆ ಕೊಡುತ್ತೇವೆ. ಒಡೆದ ಹಂಚು ಬದಲಿಸುವ ಖರ್ಚು ಅದರಲ್ಲೇ ಹೊರಡುತ್ತದೆ.