ತಲೆಗೆ 200 ಕಿಲೋ ಆಲಿವ್: ಸ್ಪೇನಿನ ಲೆಕ್ಕದಲ್ಲಿ ನಾನು ಎಡವಿದ್ದು

ಮೊದಲ ಸಲ ಲೆಕ್ಕ ಹಾಕಿದಾಗ ಬಂದ ಉತ್ತರ ಇದು: ಸ್ಪೇನಿನಲ್ಲಿ ಒಬ್ಬೊಬ್ಬರೂ ವರ್ಷಕ್ಕೆ 200 ಕಿಲೋ ಮೇಲೆ ಆಲಿವ್ ತಿನ್ನುತ್ತಾರೆ. ಅಂದ್ರೆ ದಿನಕ್ಕೆ ಅರ್ಧ ಕಿಲೋಗಿಂತ ಜಾಸ್ತಿ. ಹಸುಗೂಸುಗಳೂ ಸೇರಿ.

ಒಂದು ವರದಿಗೆ ಚಾರ್ಟ್ ಬೇಕಿತ್ತು. 1961ರಿಂದ ಈಚೆಗೆ ಸ್ಪೇನಿನ ಜನಕ್ಕೆ ಸಿಗುವ ಆಲಿವ್ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಅಂತ ತೋರಿಸಬೇಕು, ಅಷ್ಟೇ. ಅರ್ಧ ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. 2018ರ ಬೆಳೆ ಸುಮಾರು 98 ಲಕ್ಷ ಟನ್. ಜನಸಂಖ್ಯೆ ಸುಮಾರು 4.7 ಕೋಟಿ. ಭಾಗಿಸಿದೆ. ಸಿಕ್ಕಿದ್ದನ್ನು ನೋಡಿ ನನಗೇ ನಗು ಬಂತು.

ತಪ್ಪು ಎಲ್ಲಿತ್ತು ಅಂದ್ರೆ, ಅಲ್ಲಿನ ಆಲಿವ್ ಕಾಯಿಯ ಬಹುಪಾಲು ಹೋಗುವುದು ಗಾಣಕ್ಕೆ. ಸುಮಾರು ಐದು ಕಿಲೋ ಕಾಯಿ ಅರೆದರೆ ಒಂದು ಕಿಲೋ ಎಣ್ಣೆ. ಮರದಿಂದ ಕಿತ್ತ ಕಾಯನ್ನು ಹಾಗೇ ತಿನ್ನಲು ಆಗುವುದೂ ಇಲ್ಲ, ಬಾಯಿಗಿಟ್ಟ ತಕ್ಷಣ ಉಗಿಯಬೇಕು, ಅಷ್ಟು ಕಹಿ. ಕಹಿ ತೆಗೆದು ಉಪ್ಪುನೀರಿನಲ್ಲಿ ಹಾಕಿದ ಮೇಲೆಯೇ ಅದು ತಟ್ಟೆಗೆ ಬರುವುದು. ಹಾಗೆ ತಿನ್ನಲು ಬಳಸುವ ಮಂಜನೀಯಾ, ಗೋರ್ದಾಲ್ ಥರದ ತಳಿಗಳ ಪಾಲು ಸಾಮಾನ್ಯವಾಗಿ ವರ್ಷಕ್ಕೆ ಐದಾರು ಲಕ್ಷ ಟನ್. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹಡಗು ಹತ್ತುತ್ತದೆ.

ಆಮೇಲೆ ಎಫ್‌ಎಒ, ಅಂದ್ರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಫುಡ್ ಬ್ಯಾಲೆನ್ಸ್ ಶೀಟ್ ತೆಗೆದೆ. ಇದನ್ನು ಮೊದಲೇ ಮಾಡಬೇಕಿತ್ತು. ಇದೊಂದು ಜಮಾ-ಖರ್ಚಿನ ಪುಸ್ತಕ ಇದ್ದ ಹಾಗೆ. ಬೆಳೆದದ್ದು, ಆಮದಾದದ್ದು ಒಂದು ಕಡೆ. ರಫ್ತು, ದಾಸ್ತಾನು, ಗಾಣಕ್ಕೆ ಹೋದದ್ದು, ಹಾಳಾದದ್ದು ಇನ್ನೊಂದು ಕಡೆ. ಎಲ್ಲ ಕಳೆದು ಉಳಿದದ್ದೇ 'ಆಹಾರ'. ಅದನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಪೂರೈಕೆ. ಯಾರೂ ಯಾರ ತಟ್ಟೆಯನ್ನೂ ನೋಡಿ ಬರೆದದ್ದಲ್ಲ. ಮೇಲಿನ ಯಾವ ಅಂಕಿಯಲ್ಲಿ ಎಡವಟ್ಟಾದರೂ ಅದು ಬಂದು ಬೀಳುವುದು ಈ ಉಳಿಕೆಯ ಮೇಲೆಯೇ. ಆಲಿವ್‌ಗೆ ಇಲ್ಲಿ ಎರಡು ಸಾಲುಗಳಿವೆ: ಕಾಯಿಗೊಂದು, ಎಣ್ಣೆಗೊಂದು. ಎರಡನ್ನೂ ಕೂಡಿಸಬಾರದು. ಎರಡು ಚಾರ್ಟ್ ಮಾಡಿದೆ.

ನಿಜವಾದ ತಲೆನೋವು ಶುರುವಾದದ್ದು ಇಲ್ಲಿಂದ. ಈ ಪಟ್ಟಿ ಒಂದಲ್ಲ, ಎರಡು. ಹಳೆಯದು 1961ರಿಂದ 2013ರವರೆಗೆ. ಹೊಸದು 2010ರಿಂದ ಈಚೆಗೆ. ಲೆಕ್ಕ ಹಾಕುವ ಕ್ರಮವೇ ಬೇರೆ, ಬಳಸಿದ ಜನಸಂಖ್ಯೆಯ ಅಂದಾಜೂ ಬೇರೆ. ನಾನು ಸುಮ್ನೆ ಒಂದರ ಕೆಳಗೆ ಒಂದನ್ನು ಅಂಟಿಸಿಬಿಟ್ಟಿದ್ದೆ. 2013 ಮುಗಿದು 2014 ಬರುವಲ್ಲಿ ಗೆರೆ ಒಂದು ಮೆಟ್ಟಿಲು ಹಾರಿತು. ಜನರ ಊಟದ ರೂಢಿ ಬದಲಾಗಿದೆ ಅಂತ ಅದರ ಮೇಲೆ ಒಂದು ಪ್ಯಾರಾ ಬೇರೆ ಬರೆದಿದ್ದೆ! ಪುಣ್ಯಕ್ಕೆ ಕಳಿಸಿರಲಿಲ್ಲ. 2010ರಿಂದ 2013ರವರೆಗಿನ ನಾಲ್ಕು ವರ್ಷ ಎರಡೂ ಪಟ್ಟಿಯಲ್ಲಿ ಇವೆಯಲ್ವಾ, ಅವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಅದೇ ದೇಶ, ಅದೇ ವರ್ಷ, ಉತ್ತರ ಮಾತ್ರ ಬೇರೆ. ಹಾರಿದ್ದು ಜನ ಅಲ್ಲ, ಲೆಕ್ಕ.

ಇದರ ಜೊತೆಗೆ ದಾಸ್ತಾನಿನ ಕಾಲಮ್. ಹಳೆಯದರಲ್ಲಿ ಪ್ಲಸ್ ಅಂದ್ರೆ ದಾಸ್ತಾನಿನಿಂದ ಹೊರಗೆ ತೆಗೆದದ್ದು. ಹೊಸದರಲ್ಲಿ ಪ್ಲಸ್ ಅಂದ್ರೆ ಒಳಗೆ ಇಟ್ಟದ್ದು. ಎರಡಕ್ಕೂ ಒಂದೇ ಸೂತ್ರ ಎಳೆದಿದ್ದೆ, ಟ್ಯಾಲಿ ಆಗಲೇ ಇಲ್ಲ. ಒಂದು ಇಡೀ ಸಂಜೆ ಹೋಯಿತು. ಕೊನೆಗೆ ಒಂದು ವರ್ಷದ ಸಾಲನ್ನು ಹಾಳೆಯ ಮೇಲೆ ಪೆನ್ನಿನಲ್ಲಿ ಕೂಡಿ ಕಳೆದು ನೋಡಿದಾಗ ಸಿಕ್ಕಿಬಿತ್ತು. ಈಗ ಯಾವ ಫೈಲ್ ಬಂದರೂ ಮೊದಲು ಒಂದು ಸಾಲು ಕೈಯಲ್ಲೇ ಮಾಡುತ್ತೇನೆ.

ಇನ್ನು ಮರದ ವಿಷಯ. ಆಲಿವ್ ಮರ ಮಾವಿನ ಹಾಗೆ, ಒಂದು ವರ್ಷ ಕೊಂಬೆ ಬಗ್ಗುವಷ್ಟು ಬಿಟ್ಟರೆ ಮರುವರ್ಷ ಸುಸ್ತು. ಹಾಗಾಗಿ ಉತ್ಪಾದನೆಯ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತದೆ. ನಾನು ಅಭ್ಯಾಸಬಲದಿಂದ ಮೂರು ವರ್ಷದ ಸರಾಸರಿ ಹಾಕಿದೆ. ಆಗಲೂ ಅಲೆ ಹೋಗಲಿಲ್ಲ. ಕಾರಣ ಸುಲಭ: ಮೂರು ವರ್ಷದಲ್ಲಿ ಒಮ್ಮೆ ಎರಡು ಒಳ್ಳೆ ವರ್ಷ ಒಂದು ಕೆಟ್ಟದ್ದು ಸೇರುತ್ತದೆ, ಮತ್ತೊಮ್ಮೆ ತಿರುಗುಮುರುಗು. ಆಮೇಲೆ ಆಯಾ ವರ್ಷಕ್ಕೆ ಅರ್ಧ, ಹಿಂದಿನದಕ್ಕೆ ಕಾಲು, ಮುಂದಿನದಕ್ಕೆ ಕಾಲು ಅಂತ ತೂಕ ಕೊಟ್ಟೆ. ಹಲ್ಲು ಉದುರಿ ಗೆರೆ ನುಣ್ಣಗಾಯಿತು. ಐದು ವರ್ಷದ ಸರಾಸರಿ ಹಾಕಿ ಅಂತ ಸಲಹೆ ಕೊಡುವವರು ಇದ್ದಾರೆ. ಆಲಿವ್‌ಗೆ ಅದು ಬೇಡ, ಬರಗಾಲವನ್ನೂ ಅದು ನುಂಗಿಬಿಡುತ್ತದೆ.

ಬರ ಕಾಣಲೇಬೇಕು. ಸ್ಪೇನಿನ ಎಣ್ಣೆ 2021/22ರ ಹಂಗಾಮಿನಲ್ಲಿ ಸುಮಾರು 14.9 ಲಕ್ಷ ಟನ್ ಇತ್ತು. ಮರುಹಂಗಾಮಿನಲ್ಲಿ ಸುಮಾರು 6.7 ಲಕ್ಷಕ್ಕೆ ಇಳಿಯಿತು. ಹೂ ಬಿಡುವಾಗ ಬಿಸಿಲು, ಆಮೇಲೆ ಮಳೆ ಇಲ್ಲ. ಹಂಗಾಮು ಅಂದ್ರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಎಫ್‌ಎಒ ಪಟ್ಟಿಯದ್ದು ಜನವರಿಯಿಂದ ಡಿಸೆಂಬರ್. ಇದನ್ನು ಮರೆತರೆ ಬರ ಬಂದ ವರ್ಷವೇ ತಪ್ಪಿಹೋಗುತ್ತದೆ. ಇಷ್ಟಾದರೂ ಉತ್ಪಾದನೆ ಅರ್ಧವಾದ ಮಾತ್ರಕ್ಕೆ ಊಟದ ಎಣ್ಣೆ ಅರ್ಧವಾಗಲಿಲ್ಲ. ಹಳೆಯ ದಾಸ್ತಾನು ಇತ್ತು, ರಫ್ತು ಕುಗ್ಗಿತು. ಬೆಲೆ ಮಾತ್ರ ಮೇಲಕ್ಕೆ ಹೋಯಿತು. ಸರ್ಕಾರ 2023ರ ಜನವರಿಯಲ್ಲಿ ಆಲಿವ್ ಎಣ್ಣೆಯ ವ್ಯಾಟ್ ಅನ್ನು ಶೇ 10ರಿಂದ 5ಕ್ಕೆ, 2024ರ ಜುಲೈನಲ್ಲಿ ಸೊನ್ನೆಗೆ ಇಳಿಸಿತು. ಹಾಗಾಗಿ ಪಕ್ಕದ ಸೂರ್ಯಕಾಂತಿ ಎಣ್ಣೆಯ ಸಾಲನ್ನೂ ನೋಡದೆ ಆಲಿವ್ ಗೆರೆಯ ಬಗ್ಗೆ ಮಾತಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಜನ ಎಣ್ಣೆ ಬಿಟ್ಟರೋ, ಬರೀ ಡಬ್ಬ ಬದಲಿಸಿದರೋ ಅಲ್ಲಿ ಗೊತ್ತಾಗುತ್ತದೆ.

ಒಂದು ಅನುಮಾನ ತುಂಬಾ ದಿನ ಕಾಡಿತು: ಪ್ರವಾಸಿಗರು. 2019ರಲ್ಲಿ ಸ್ಪೇನಿಗೆ ಬಂದ ವಿದೇಶಿಯರು ಸುಮಾರು 8.35 ಕೋಟಿ. ದೇಶದ ಜನಕ್ಕಿಂತ ಜಾಸ್ತಿ! ಅವರು ತಿಂದದ್ದನ್ನು ಸ್ಥಳೀಯರ ತಲೆಗೆ ಕಟ್ಟಿದರೆ ತಲಾ ಲೆಕ್ಕ ಉಬ್ಬುವುದಿಲ್ಲವೇ? ಹಳೆಯ ಪಟ್ಟಿಯಲ್ಲಿ ಅವರಿಗೆ ಬೇರೆ ಕಾಲಮ್ ಕೂಡ ಇಲ್ಲ, ಹೊಸದರಲ್ಲಿ ಇದೆ. ಕೂತು ಅಂದಾಜು ಮಾಡಿದೆ. ಒಬ್ಬರು ಏಳು ದಿನ ಉಳಿದರು ಅಂತ ಇಟ್ಟುಕೊಳ್ಳಿ. 8.35 ಕೋಟಿಯನ್ನು ಏಳರಿಂದ ಗುಣಿಸಿ 365ರಿಂದ ಭಾಗಿಸಿದರೆ, ವರ್ಷಪೂರ್ತಿ ಅಲ್ಲೇ ಇರುವ 16 ಲಕ್ಷ ಜನಕ್ಕೆ ಸಮ. ಜನಸಂಖ್ಯೆಯ ಶೇ 3.4. ಇಷ್ಟೇನಾ ಅನಿಸಿತು. ದೊಡ್ಡ ಕಳ್ಳ ಸಿಕ್ಕ ಅಂತ ಓಡಿದವನಿಗೆ ಬೆಕ್ಕು ಸಿಕ್ಕ ಹಾಗೆ. ಒಂದು ಅಡಿಟಿಪ್ಪಣಿ ಹಾಕಿ ಬಿಟ್ಟೆ.

ಕೊನೆಗೆ ಕಳಿಸಿದ್ದು ಹೀಗಿತ್ತು: ಎರಡು ಚಾರ್ಟ್, ಒಂದೊಂದರಲ್ಲೂ ಎರಡು ಗೆರೆ. ಹಳೆಯದು ತಿಳಿಬೂದು, ಹೊಸದು ಕಡು ಹಸಿರು. 2010ರಿಂದ 2013ರವರೆಗೆ ಎರಡೂ ಒಂದರ ಮೇಲೊಂದು ಸಂದು ಬಿಟ್ಟುಕೊಂಡು ಓಡುತ್ತವೆ. ವರದಿ ನೋಡಿಕೊಳ್ಳುತ್ತಿದ್ದ ಮೇಡಂ ಫೋನ್ ಮಾಡಿ, "ಇದೇನ್ರೀ, ಗೆರೆ ಕೂಡಿಸೋದು ಮರೆತ್ರಾ?" ಅಂದರು. ಮರೆತಿಲ್ಲ ಮೇಡಂ, ಅದು ಹಾಗೇ ಇರಬೇಕು ಅಂತ ಹತ್ತು ನಿಮಿಷ ವಿವರಿಸಿದೆ. ಸರಿ ಸರಿ ಅಂದರು.

ಎರಡು ತಿಂಗಳಾದ ಮೇಲೆ ಅಚ್ಚಾದ ಪ್ರತಿ ಬಂತು. ಯಾರೋ ಎರಡೂ ಗೆರೆಗಳನ್ನು ಸೇರಿಸಿ ಒಂದೇ ಹಸಿರು ಗೆರೆ ಮಾಡಿದ್ದರು.