ರಮ್ ಟಮ್ ಟಗರ್ ಪಾತ್ರ ಮಾಡುವುದು ಹೇಗೆ?

'ಕ್ಯಾಟ್ಸ್' ಸಂಗೀತ ನಾಟಕದ ಈ ತಂಟೆಕೋರ ಬೆಕ್ಕಿನ ಪಾತ್ರಕ್ಕೆ ಬಣ್ಣ ಹಚ್ಚುವವರು ಮೊದಲ ದಿನವೇ ಸೊಂಟ ಕುಣಿಸಲು ಶುರುಮಾಡುತ್ತಾರೆ. ಅದು ಆಮೇಲಿನ ಕೆಲಸ. ಕವಿ ಟಿ. ಎಸ್. ಎಲಿಯಟ್ 1939ರಲ್ಲಿ ಪ್ರಕಟಿಸಿದ ಬೆಕ್ಕಿನ ಪದ್ಯಗಳಲ್ಲಿ ಈತನದನ್ನು ಮೊದಲು ರಾಗವಿಲ್ಲದೆ ಗಟ್ಟಿಯಾಗಿ ಓದಿ. ಅಲ್ಲಿ ಹುಡುಗಿಯರೂ ಇಲ್ಲ, ಚೆಲ್ಲಾಟವೂ ಇಲ್ಲ. ಇರುವುದು ಬರೀ ಹಟ. ಒಳಗೆ ಬಿಟ್ಟರೆ ಹೊರಗೆ ಹೋಗಬೇಕು, ಹೊರಗೆ ಬಿಟ್ಟರೆ ಒಳಗೆ ಬರಬೇಕು. ಬಡಿಸಿದ ಕೆನೆಯನ್ನು ಮೂಸಿ ಬಿಡುತ್ತಾನೆ, ಎತ್ತಿಟ್ಟ ಕೆನೆಗೆ ಕಿವಿಯವರೆಗೂ ಮುಖ ಹಾಕುತ್ತಾನೆ. ರಾಕ್ ತಾರೆಯ ಠೀವಿ ಸೇರಿಕೊಂಡದ್ದು 1981ರಲ್ಲಿ ಲಂಡನ್ನಿನಲ್ಲಿ ಆ ಪದ್ಯಗಳು 'ಕ್ಯಾಟ್ಸ್' ಆಗಿ ರಂಗಕ್ಕೆ ಬಂದಾಗ. ಹಟ ಕೈಗೆ ಹತ್ತಿದರೆ ಶೃಂಗಾರ ತಾನಾಗಿ ಬರುತ್ತದೆ.

ಹಾಡಿನ ಸಾಲುಗಳನ್ನು 'ಸಿಕ್ಕಿದ್ದು', 'ಬೇಕಾದದ್ದು' ಎಂದು ಒಡೆದುಕೊಳ್ಳಿ. ನಡುವೆ ಅರ್ಧ ಉಸಿರಿನಷ್ಟು ತಡೆ. ತಿರುಗುವಾಗ ಮೊದಲು ಕಣ್ಣು, ಆಮೇಲೆ ಗದ್ದ, ಕೊನೆಗೆ ಹೆಗಲು. ಸಿಕ್ಕಿದ್ದನ್ನು ಒಂದು ಕ್ಷಣವಾದರೂ ನಿಜವಾಗಿ ಆಸೆಪಡಬೇಕು. ಮೊದಲಿನಿಂದಲೇ ಮೂಗು ಮುರಿದರೆ ಮನಸ್ಸು ಬದಲಾಗುವುದು ಪ್ರೇಕ್ಷಕರಿಗೆ ಕಾಣುವುದೇ ಇಲ್ಲ.

ಪ್ರವೇಶ ಇನ್ನೊಂದು ಬೆಕ್ಕು ಜೆನಿಎನಿಡಾಟ್ಸ್‌ಳ ಹಾಡಿನ ಬೆನ್ನಿಗೇ. ಅವಳಿಗೆ ಬಿದ್ದ ಚಪ್ಪಾಳೆ ತಣ್ಣಗಾಗುವವರೆಗೆ ಕಾದರೆ ತಂಟೆಕೋರ ಹೋಗಿ ಅತಿಥಿ ಬಂದಂತಾಗುತ್ತದೆ.

ಮಂಡಿ ಸದಾ ಸ್ವಲ್ಪ ಬಾಗಿರಲಿ, ಭಾರ ಪಾದದ ಮುಂಭಾಗದ ಮೇಲಿರಲಿ. ಸೊಂಟದ ಚಲನೆ ಮಂಡಿಯಿಂದ ಹುಟ್ಟಬೇಕು. ಮಂಡಿ ಬಿಗಿಹಿಡಿದು ಸೊಂಟ ಎಸೆದರೆ ಕೆಳಬೆನ್ನು ನೋಯುತ್ತದೆ, ಉಸಿರು ಎದೆಗೇರುತ್ತದೆ, ಉದ್ದ ಸ್ವರ ಕುಸಿಯುತ್ತದೆ. ಅಗಲವಾದ ಬೆಲ್ಟನ್ನು ತಾಲೀಮಿನಿಂದಲೇ ಕಟ್ಟಿ, ಅದೂ ಹೊಟ್ಟೆ ತುಂಬ ಉಸಿರು ಎಳೆದುಕೊಂಡಾಗ. ಕೊರಳ ಸುತ್ತ ಕಟ್ಟುವ ಸಿಂಹದಂಥ ಕೇಸರ ಹೆಗಲಿಗೆ ಭಾರ. ಅದನ್ನು ಹಾಕಿಕೊಂಡು ಕತ್ತು ತಿರುಗಿಸುವುದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು.

ಚೆಲ್ಲಾಟದಲ್ಲಿ ಬೆನ್ನು ಹತ್ತುವವರು ಉಳಿದವರು, ಟಗರ್ ಅಲ್ಲ. ಹೆಣ್ಣು ಬೆಕ್ಕು ಬಾಂಬಲುರೀನಾಳನ್ನು ಎತ್ತಿ ಕೈಬಿಡುವ ಆಟ ಇಟ್ಟುಕೊಂಡರೆ ಬಿಡುವ ಎಣಿಕೆ ಇಬ್ಬರಿಗೂ ಒಂದೇ ಇರಲಿ. ನಿಮ್ಮ ಮಂಡಿ ಬಗ್ಗಿಸಿ ಅವಳನ್ನು ನೆಲದ ಹತ್ತಿರಕ್ಕೆ ಇಳಿಸಿ, ಆಮೇಲೆ ಬಿಡಿ. ಪ್ರೇಕ್ಷಕರ ನಡುವೆ ಇಳಿದಾಗ ದೂರದಿಂದಲೇ ಕಣ್ಣು ಕೂಡಿಸಿ. ಅವರು ಹಿಂದೆ ಸರಿದರೆ ಮುಟ್ಟಲೇಬೇಡಿ. ಮನಸ್ಸು ಬದಲಿಸುವುದು ಈ ಬೆಕ್ಕಿನ ಸ್ವಭಾವವೇ ಆದ್ದರಿಂದ ಮುಂದಿನ ಸಾಲಿಗೆ ದಾಟಿದರೆ ಯಾರಿಗೂ ಕೊರತೆ ಎನಿಸದು.

ಬೆಕ್ಕುಗಳ ಹಿರಿಯ ಡ್ಯೂಟರಾನಮಿಯ ಹಾಡಿನಲ್ಲಿ ಈ ಠೀವಿಯನ್ನೆಲ್ಲ ಇಳಿಸಿ, ಜೊತೆಗೆ ಹಾಡುವ ಬೆಕ್ಕು ಮಂಕುಸ್ಟ್ರಾಪ್‌ನ ದನಿಗೆ ದನಿ ಬೆರೆಸಿ. ಎರಡನೇ ಅಂಕದಲ್ಲಿ ಜಾದೂಗಾರ ಬೆಕ್ಕು ಮಿಸ್ಟಾಫಲೀಸ್‌ನನ್ನು ಹಾಡಿ ಹೊಗಳುವಾಗ ನೋಟವೆಲ್ಲ ಅವನ ಮೇಲೇ ಇರಲಿ. ನೀವು ಪ್ರೇಕ್ಷಕರತ್ತ ತಿರುಗಿದರೆ ಅವರು ನಿಮ್ಮನ್ನೇ ನೋಡುತ್ತಾರೆ, ಜಾದೂ ಕೈತಪ್ಪುತ್ತದೆ.