ಸೀಸದ ಉಂಗುರಕ್ಕೆ ಬಿಳಿ ಹಿಡಿಸಿದ್ದು ಶೋಕೇಸೇ: ನನ್ನ ಅನುಭವ

ಬಳ್ಳಾರಿಯಂಥ ಒಣ ಊರಲ್ಲಿ ಗಾಜಿನ ಬಾಗಿಲೊಳಗಿನ ಸಾಮಾನು ಕೆಡೋದು ಹೇಗೆ ಅಂತ ಕೇಳಿದವರೇ ಎಲ್ಲರೂ. ಆದರೆ ಹಳೆಯ ಕೆಮಿಸ್ಟ್ರಿ ಲ್ಯಾಬಿನಿಂದ ಉಳಿಸಿಟ್ಟ ಸಾಮಾನಿನಲ್ಲಿ, ವಾಟರ್ ಬಾತಿನಲ್ಲಿ (ಬಿಸಿನೀರಿನ ತೊಟ್ಟಿಯಲ್ಲಿ) ಫ್ಲಾಸ್ಕ್ ತೇಲದಂತೆ ಹಾಕುವ ಸೀಸದ ಉಂಗುರಗಳಿಗೆ ಬಿಳಿ ಪುಡಿ ಹಿಡಿಯುತ್ತಲೇ ಇತ್ತು. ತೆಗೆದರೆ ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಅಷ್ಟೇ. ತೇವ ಅಂದರು. ತೇವ ಹೀರುವ ಸಿಲಿಕಾ ಜೆಲ್ ಎರಡು ಕಿಲೋ ಇಟ್ಟೆ. ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಶೋಕೇಸಿನ ಪ್ಲೈವುಡ್ಡೇ ಕಾರಣ ಅಂದಾಗ ಯಾರೂ ಒಪ್ಪಲಿಲ್ಲ. ನಮ್ಮ ಮೇ ತಿಂಗಳ ಬಿಸಿಲಿಗೆ ಮುಚ್ಚಿದ ಪೆಟ್ಟಿಗೆಯೊಳಗೆ ಪ್ಲೈವುಡ್ ಇನ್ನಷ್ಟು ಆಮ್ಲದ ಆವಿ ಬಿಡುತ್ತದೆ ಅನ್ನೋದು ಅವರ ಲೆಕ್ಕದಲ್ಲೇ ಇರಲಿಲ್ಲ.

ಶೋಕೇಸಿಗೆ ಬಳಸುವ ವಸ್ತು ಲೋಹವನ್ನು ಕೆಡಿಸುತ್ತದೆಯೇ ಅಂತ ನೋಡಲು ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು, ಆಮೇಲೆ ತಿದ್ದಿದ ರೂಪದಲ್ಲಿ ಮಾಡಿದೆ. 50 ಮಿ.ಲೀ. ಗಾಜಿನ ಬಾಟಲಿ, 2 ಗ್ರಾಂ ಪ್ಲೈವುಡ್ ಚೂರು, ಪುಟ್ಟ ನಳಿಕೆಯಲ್ಲಿ ಅರ್ಧ ಮಿ.ಲೀ. ಡಿಸ್ಟಿಲ್ಡ್ ವಾಟರ್, ಮೇಲೆ ಒಂದಕ್ಕೊಂದು ತಾಗದಂತೆ ತೂಗುಬಿಟ್ಟ ಸೀಸ, ತಾಮ್ರ, ಬೆಳ್ಳಿಯ ತಗಡುಗಳು. 60 ಡಿಗ್ರಿಯಲ್ಲಿ 28 ದಿನ. ಪಕ್ಕದಲ್ಲಿ ಪ್ಲೈವುಡ್ ಇಲ್ಲದ ಇನ್ನೊಂದು ಬಾಟಲಿ. ಅದಿಲ್ಲದಿದ್ದರೆ ಹೋಲಿಸಲಿಕ್ಕೆ ಏನೂ ಇರೋದಿಲ್ಲ.

ಮೊದಲ ಸಲ ಪೂರ್ತಿ ಕೆಟ್ಟಿತು. ಹಳೆ ಬ್ಯಾಟರಿಯ ಸೀಸ ಬಳಸಿದ್ದೆ, ಅದರಲ್ಲಿ ಆಂಟಿಮೊನಿ ಎಂಬ ಬೇರೆ ಧಾತು ಬೆರೆತಿರುತ್ತದೆ. ಎಕ್ಸ್-ರೇ ಕೋಣೆಯ ಗೋಡೆಗೆ ಹೊಡೆದು ಮಿಕ್ಕ ಸೀಸದ ಹಾಳೆ ಸಿಕ್ಕ ಮೇಲೆ ಸರಿಹೋಯಿತು. ಎರಡನೇ ಸಲ ರಬ್ಬರ್ ಬಿರಡೆ ಕೈಕೊಟ್ಟಿತು: ರಬ್ಬರಿನ ಗಂಧಕಕ್ಕೆ ಖಾಲಿ ಬಾಟಲಿಯ ಬೆಳ್ಳಿಯೂ ಕಪ್ಪಾಯಿತು. ಮೂರನೇ ಸಲ ವಾರದೊಳಗೆ ನೀರು ಆರಿಹೋಗಿತ್ತು. ಓವನ್‌ಗೆ ಇಡುವ ಮೊದಲು ಬಾಟಲಿ ತೂಗಿ ಬರೆದಿಡಿ, ತೆಗೆದ ಮೇಲೆ ಮತ್ತೆ ತೂಗಿ. ತೂಕ ಇಳಿದಿದ್ದರೆ ಆ ಫಲಿತಾಂಶ ನಂಬಬೇಡಿ. ಮುಚ್ಚಳವನ್ನು ಕೊನೆಗೆ ಹೇಗೆ ಬಿಗಿ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಹನ್ನೊಂದು ಬಾಟಲಿ ಕಳೆದುಕೊಂಡು ಕಲಿತದ್ದು, ಬಂದವರಿಗೆ ತೋರಿಸುತ್ತೇನೆ. ಕರೆಂಟ್ ಹೋದ ಗಂಟೆಗಳನ್ನು ಬರೆದಿಟ್ಟು ಕೊನೆಗೆ ಅಷ್ಟು ಸೇರಿಸಿದೆ. ಬೆಳ್ಳಿ ಅಂಗಡಿಯಲ್ಲಿ ಅಪ್ಪಟ ಬೆಳ್ಳಿಯ ತೆಳು ತಗಡೇ ಕೇಳಬೇಕು, ಆಭರಣದ ಬೆಳ್ಳಿಯಲ್ಲಿ ತಾಮ್ರ ಇರುತ್ತದೆ. ಎರಡು ಗ್ರಾಂ ಸಾಕು. ಎಲ್ಲ ಸೇರಿ ಎರಡೂವರೆ ಸಾವಿರ ಆಗಿರಬೇಕು.

ನಾಲ್ಕನೇ ಸಲ ಪ್ಲೈವುಡ್ ಬಾಟಲಿಯ ಸೀಸ ಸುಣ್ಣ ಬಳಿದಂತಾಯಿತು, ಖಾಲಿ ಬಾಟಲಿಯದ್ದು ಬರೀ ಮಂಕಾಯಿತು. ಆ ಎರಡು ತಗಡು ಮುಂದಿಟ್ಟ ಮೇಲೆ ಯಾರೂ ವಾದಿಸಲಿಲ್ಲ.

ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಶೋಕೇಸ್ ಮಾಡಿಸಿದೆವು, ಸುಮಾರು 18 ಸಾವಿರ. ಎರಡೇ ತಿಂಗಳಿಗೆ ಮತ್ತೆ ಬಿಳಿ! ಗಾಜು ಕೂರಿಸಿದವರು ಸಾಮಾನ್ಯ ಸಿಲಿಕೋನ್ ಅಂಟು ಹಾಕಿದ್ದರು. ಅದು ಒಣಗುವಾಗ ಬರುವ ವಿನೆಗರ್ ವಾಸನೆ ಅಸಿಟಿಕ್ ಆಮ್ಲದ್ದೇ. ಹಿಂದೆ ಬಿಳಿ ಬಣ್ಣಕ್ಕೆ ಸೀಸವನ್ನು ವಿನೆಗರ್ ಆವಿಯಲ್ಲೇ ಇಡುತ್ತಿದ್ದರು, ನಮ್ಮ ಶೋಕೇಸಿನಲ್ಲೂ ಅದೇ ನಡೆದಿತ್ತು. ಎಲ್ಲ ಕೆರೆದು ತೆಗೆಸಿ, ಅಸಿಟಿಕ್ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಹಾಕಿಸಿ, ಬಾಗಿಲು ತೆರೆದು ಒಂದು ತಿಂಗಳು ಖಾಲಿ ಬಿಟ್ಟೆ. ಬಿಳಿ ಪುಡಿ ವಿಷ. ಮಾಸ್ಕ್, ಕೈಗವಸು ಹಾಕಿ ಒದ್ದೆ ಹತ್ತಿಯಲ್ಲೇ ತೆಗೆಯಬೇಕು, ಒಣ ಬಟ್ಟೆ ಬೇಡ. ತೆಗೆದ ಮೇಲೆ ಉಂಗುರ ಚೆನ್ನಾಗಿ ಒಣಗಿಸಿ. ಈಗ ಎರಡು ಮಳೆಗಾಲ ಕಳೆದಿವೆ, ಉಂಗುರಗಳು ಬೂದಿ ಬಣ್ಣದಲ್ಲೇ ಇವೆ.

ಅರೆಗಳಿಗೆ ಹಾಸಲು ಜೀನ್ಸ್ ಚಿಂದಿ ನಮ್ಮೂರಲ್ಲಿ ಪುಕ್ಕಟೆ. ಅದನ್ನೂ ಬಾಟಲಿಗೆ ಹಾಕಿ ನೋಡಿದೆ. ಕಪ್ಪು ಜೀನ್ಸ್ ಇದ್ದದ್ದರಲ್ಲಿ ಬೆಳ್ಳಿ ಕಪ್ಪಾಯಿತು. ಕಪ್ಪು ಡೆನಿಮ್‌ಗೆ ಗಂಧಕದ ಡೈ ಹಾಕುತ್ತಾರೆ. ಬಿಸಿನೀರಲ್ಲಿ ನಾಲ್ಕು ಸಲ ಒಗೆದ ಕೋರಾ ಬಟ್ಟೆ ಪಾಸಾಯಿತು.

ಲ್ಯಾಬಿನ ಹಿತ್ತಾಳೆಯ ಕೆಮಿಕಲ್ ಬ್ಯಾಲೆನ್ಸಿಗೆ (ಸೂಕ್ಷ್ಮ ತಕ್ಕಡಿಗೆ) ಹುಣಸೆಹಣ್ಣು ಹಚ್ಚಲು ಬಿಡಬೇಡಿ, ಮೇಲಿನ ಲ್ಯಾಕರ್ ಲೇಪ ಹೋದರೆ ಹೋಯಿತು. ನಮ್ಮ ಕೆಂಪು ಅದಿರಿನ ಧೂಳು ಹಿತ್ತಾಳೆಗಿಂತ ಗಟ್ಟಿ, ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ತಟ್ಟೆ ಕಳಚಿ, ಬೀಮ್ (ತಕ್ಕಡಿಯ ಅಡ್ಡಪಟ್ಟಿ) ಇಳಿಸಿ, ಮೆತ್ತನೆ ಬ್ರಷ್‌ನಿಂದ ಧೂಳನ್ನು ವ್ಯಾಕ್ಯೂಮ್ ಬಾಯಿಯತ್ತ ತಳ್ಳಬೇಕು. ಬೀಮ್ ಕೂರುವ ಚೂಪು ಅಂಚಾದ ನೈಫ್ ಎಡ್ಜ್‌ಗೆ ಗಾಳಿ ಊದುವ ಬಲ್ಬ್ ಒಂದೇ ಸಾಕು.

ಪ್ರತಿ ಅರೆಯ ಮೂಲೆಯಲ್ಲಿ ಕೆರೆದು ಹೊಳಪು ಮಾಡಿದ ಸೀಸದ ತುಂಡೊಂದಿದೆ, ಹಿಂದೆ ತಾರೀಖು ಗೀಚಿದ್ದೇನೆ. ಜೂನ್‌ಗೊಮ್ಮೆ, ಡಿಸೆಂಬರ್‌ಗೊಮ್ಮೆ ಅದಕ್ಕೆ ಬಿಳಿ ಹಿಡಿದಿದೆಯೇ ಅಂತ ಭೂತಗನ್ನಡಿಯಲ್ಲಿ ನೋಡುತ್ತೇನೆ.